ಮನೆಗೆ ನೀರು ಬರ್ತದಾ?

ಅಮೆರಿಕದಲ್ಲಿ ಮನೆ ತಗೊಂಡೆ ಎಂದರೆ ಊರಿನವರು ಮೊದಲು ಕೇಳುವುದು ಬೆಲೆ. ಹೇಳಿದರೆ ಯಾರೂ ನಂಬುವುದಿಲ್ಲ. ಮೂರು ಬೆಡ್‌ರೂಮು, ಮುಂದೆ ಜಗಲಿ, ಕೆಳಗೆ ನೆಲಮಾಳಿಗೆ, ಹಿಂದೆ ತರಕಾರಿ ಬೆಳೆದು ಮಿಗುವಷ್ಟು ಹಿತ್ತಲು. ಇಷ್ಟೆಲ್ಲ ಸೇರಿ, ಬೆಂಗಳೂರಿನ ಅಂಚಿನಲ್ಲಿ ಒಂದು ಥರ್ಟಿ-ಫಾರ್ಟಿ ಖಾಲಿ ಸೈಟಿಗೆ ಹೇಳುವುದಕ್ಕಿಂತ ಕಡಿಮೆ. "ಏನೋ ಐಬಿರಬೇಕು, ಸರಿಯಾಗಿ ವಿಚಾರಿಸಿ" ಎಂದರು ಅತ್ತೆ.

ಐಬು ಊರಿಗೇ ಇದೆ. ಪೆನ್ಸಿಲ್ವೇನಿಯದ ಜಾನ್ಸ್‌ಟೌನಿನಲ್ಲಿ 1920ರಲ್ಲಿ 67 ಸಾವಿರ ಜನರಿದ್ದರು. ಈಗ 18 ಸಾವಿರ ಚಿಲ್ಲರೆ. ಕೆಡವಿದ್ದನ್ನು ಕೆಡವಿಯೂ ಮನೆಗಳು ಮಿಕ್ಕಿವೆ. ಎಲ್ಲ ಉಕ್ಕಿನವರ ಮನೆಗಳು. ಕೇಂಬ್ರಿಯಾ ಐರನ್ ಕಂಪನಿ ಇಲ್ಲಿ ರೈಲು ಹಳಿ ತಯಾರಿಸುತ್ತಿದ್ದ ಕಾಲದಲ್ಲಿ ಸ್ಲೊವಾಕರು, ಪೋಲರು, ಹಂಗೇರಿಯವರು ಬಂದು ತಂತಮ್ಮ ಬೀದಿಗೊಂದು ಚರ್ಚು ಕಟ್ಟಿಕೊಂಡು ನೆಲೆಸಿದರು. 1923ರಲ್ಲಿ ಕಾರ್ಖಾನೆ ಬೆತ್ಲೆಹೆಮ್ ಸ್ಟೀಲಿನ ಕೈಗೆ ಬಂತು, 1992ರಲ್ಲಿ ಬೆತ್ಲೆಹೆಮ್ ಬಾಗಿಲು ಹಾಕಿಕೊಂಡು ಹೋಯಿತು. ಆ 1923 ನನಗೆ ಮರೆಯದ ಇಸವಿ, ಏಕೆಂದರೆ ನಮ್ಮ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಬೆಂಕಿ ಬಿದ್ದದ್ದೂ ಅದೇ ವರ್ಷ. ನಾನು ಹುಟ್ಟಿ ಬೆಳೆದದ್ದು ಆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ.

ಫೋನಿನಲ್ಲಿ ಅಪ್ಪ ಮಾತ್ರ ಬೆಲೆ ಕೇಳಲಿಲ್ಲ. "ಮನೆಗೆ ನೀರು ಚೆನ್ನಾಗಿ ಬರ್ತದಾ?" ಎಂದರು. ಮನೆ ನೋಡಲು ಹೋದ ಯಾವ ಕನ್ನಡಿಗನೂ ಬಿಡದ ಪ್ರಶ್ನೆ. ಆದರೆ ಕೇಳಿದ್ದು ಯಾವ ಊರಿನ ಬಗ್ಗೆ ನೋಡಿ!

ಲಿಟಲ್ ಕಾನೆಮಾ, ಸ್ಟೋನಿಕ್ರೀಕ್ ಎಂಬ ಎರಡು ಹೊಳೆ ಕೂಡುವ ಇಕ್ಕಟ್ಟಾದ ಕಣಿವೆ ಇದು. ಇಲ್ಲಿಂದ ಸುಮಾರು 22 ಕಿಲೋಮೀಟರ್ ಮೇಲೆ, ಬೆಟ್ಟದಲ್ಲಿ ಹಳೆಯದೊಂದು ಮಣ್ಣಿನ ಕಟ್ಟೆಯ ಕೆರೆಯಿತ್ತು. ಪಿಟ್ಸ್‌ಬರ್ಗಿನ ಸಾಹುಕಾರರು ಮೀನು ಹಿಡಿಯಲು, ದೋಣಿ ಬಿಡಲು ಅಲ್ಲೊಂದು ಕ್ಲಬ್ಬು ಮಾಡಿಕೊಂಡಿದ್ದರು. ಕಾರ್ನೆಗಿ, ಫ್ರಿಕ್ ಇಬ್ಬರೂ ಸದಸ್ಯರು. ಸಾರೋಟುಗಳು ಸಲೀಸಾಗಿ ಓಡಾಡಲೆಂದು ಏರಿಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿದರು. ಕೆರೆಯ ಒಳಹೊರಗು ಬಲ್ಲ ನಮ್ಮ ಕಡೆಯ ಯಾವ ನೀರುಗಂಟಿಯಾದರೂ ಅವರನ್ನು ಅಲ್ಲೇ ನಿಲ್ಲಿಸಿ ಬೈಯುತ್ತಿದ್ದ. 1889ರ ಮೇ 31ರಂದು ಭಾರಿ ಮಳೆಗೆ ಕಟ್ಟೆ ಒಡೆಯಿತು. ಸತ್ತವರು 2,209 ಜನ. ಕ್ಲಬ್ಬಿನ ಮೇಲೆ ಹೂಡಿದ ದಾವೆಗಳಲ್ಲಿ ನೊಂದವರಿಗೆ ಒಂದು ಕಾಸೂ ದಕ್ಕಲಿಲ್ಲ.

ಆಮೇಲೆ ಕೇಂಬ್ರಿಯಾ ಕಂಪನಿ ಬೆಟ್ಟದ ನೆತ್ತಿಯ ಮೇಲೆ ವೆಸ್ಟ್‌ಮಾಂಟ್ ಎಂಬ ಬಡಾವಣೆ ಮಾಡಿತು. ಅಲ್ಲಿಗೆ ಹತ್ತಿ ಇಳಿಯಲು 1891ರಲ್ಲಿ ಇಳಿಜಾರಿನ ಹಳಿಗಾಡಿ ಹಾಕಿತು: ನೂರು ಅಡಿ ಮುಂದೆ ಹೋದರೆ ಎಪ್ಪತ್ತು ಅಡಿ ಮೇಲೇರುವ ಕಡಿದು, ಕುದುರೆಗಾಡಿಯನ್ನೇ ಹೊತ್ತೊಯ್ಯುವಷ್ಟು ದೊಡ್ಡ ಡಬ್ಬಿ. 1936ರಲ್ಲಿ ಮತ್ತೆ ನೆರೆ ಬಂದಾಗ ಸಾವಿರಾರು ಜನ ಅದನ್ನೇ ಹತ್ತಿ ಬದುಕಿಕೊಂಡರು. ಆಗ ಸರ್ಕಾರ ಹೊಳೆಗಳ ಎರಡೂ ದಡಕ್ಕೆ ಕಾಂಕ್ರೀಟು ಹೊಡೆಸಿತು, ಊರಿನವರು ಇನ್ನು ಇಲ್ಲಿಗೆ ನೆರೆಯಿಲ್ಲ ಎಂದು ಹೇಳಿಕೊಂಡರು. 1977ರ ಜುಲೈನಲ್ಲಿ ಮತ್ತೆ ಬಂತು; ಎಂಬತ್ತಕ್ಕೂ ಹೆಚ್ಚು ಜನ ಹೋದರು.

ಹಾಗಾಗಿ ಇಲ್ಲಿ ಮನೆಯ ಬೆಲೆ ತಿಳಿಯಲು ಏಜೆಂಟೇ ಬೇಕೆಂದಿಲ್ಲ. ಹೊಳೆಯ ದಡದಲ್ಲಿ ನಿಂತು ಕತ್ತೆತ್ತಿದರೆ ಸಾಕು. ಕತ್ತು ನೋಯುವಷ್ಟು ಮೇಲಿದ್ದರೆ ದುಬಾರಿ, ಕಣ್ಣಿನ ಮಟ್ಟಕ್ಕಿದ್ದರೆ ಅಗ್ಗ. ಶಾಲೆ, ರಸ್ತೆ, ನೆರೆಹೊರೆ ಎಂದು ಏನೇನೋ ಕಾರಣ ಕೊಡುತ್ತಾರೆ, ಕೊಡಲಿ. ನಾವು ಹುಡುಕಿದ್ದು ಬೆಟ್ಟದ ಸೊಂಟದಲ್ಲಿ. ಅದಕ್ಕಿಂತ ಮೇಲೆ ಜೇಬು ಹತ್ತಲಿಲ್ಲ, ಅದಕ್ಕಿಂತ ಕೆಳಗೆ ಹೆಂಡತಿ ಇಳಿಯಲಿಲ್ಲ.

ಕೊಳ್ಳುವ ಮುಂಚೆ ಮನೆ ತಪಾಸಣೆಗೆ ಒಬ್ಬಾತ ಬಂದ. ಮೇಲಿನ ಕೋಣೆಗಳನ್ನು ಕಾಟಾಚಾರಕ್ಕೆ ನೋಡಿ, ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದ. ಗೋಡೆಯಲ್ಲಿ ಮೊಣಕಾಲೆತ್ತರದ ಕಬ್ಬಿಣದ ಬಾಗಿಲು, ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದ ಕಿಂಡಿ. ಮೂಲೆಯಲ್ಲಿ ಬಟ್ಟೆ ಒಗೆಯುವ ಜೋಡಿ ಕಾಂಕ್ರೀಟ್ ತೊಟ್ಟಿ. ನಡುಮಧ್ಯೆ, ಸುತ್ತ ಗೋಡೆಯಿಲ್ಲ, ಬಾಗಿಲಿಲ್ಲ, ಪರದೆಯೂ ಇಲ್ಲ, ಒಂದು ಕಮೋಡು! ಹೆಂಡತಿ ನನ್ನ ಮುಖ ನೋಡಿದಳು. "ಈ ಕಡೆ ಹಳೆಯ ಮನೆಗಳಲ್ಲಿ ಇದು ಮಾಮೂಲು" ಎಂದ ಆತ. ಕಾರ್ಖಾನೆಯಿಂದ ಬಂದ ಗಂಡಸು ಮುಂಬಾಗಿಲಿಗೆ ಬರುವಂತಿರಲಿಲ್ಲ. ಹಿಂದಿನಿಂದ ನೇರ ಇಲ್ಲಿಗಿಳಿದು, ಮಸಿ ತೊಳೆದು, ಬಟ್ಟೆ ಬದಲಿಸಿ ಮೇಲೆ ಹೋಗಬೇಕಿತ್ತು. ಚರಂಡಿ ಉಕ್ಕಿದಾಗ ಕೊಳಕು ನೀರು ಮೇಲಿನ ಮನೆಗೆ ನುಗ್ಗದೆ ಇಲ್ಲೇ ಹೊರಬರಲೆಂದು ಇಟ್ಟದ್ದು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಎನಿಸುತ್ತದೆ. ಅಪ್ಪನೂ ಶಿಫ್ಟು ಮುಗಿಸಿ ಬಂದರೆ ಸೈಕಲ್ಲನ್ನು ಹಿತ್ತಲಿಗೇ ತಳ್ಳಿಕೊಂಡು ಹೋಗುತ್ತಿದ್ದರು. ಬಚ್ಚಲಲ್ಲಿ ಹಂಡೆ ನೀರು, 501 ಬಾರ್ ಸೋಪು. ಕಿವಿಯ ಹಿಂದಿನ ಕಪ್ಪು ಹೋಗುವ ತನಕ ಅಮ್ಮ ಕಾಫಿ ಸೋಸುತ್ತಿರಲಿಲ್ಲ.

ಆ ಕ್ವಾರ್ಟರ್ಸಿನ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪ ಹಿಂದೆಮುಂದೆ ನೋಡುತ್ತಿದ್ದರು. ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಿ ಹೊರಡಬೇಕು, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಕಾರ್ಖಾನೆಯೇ ನಿವೃತ್ತಿಯಾದೀತೆಂದು ಮಾತ್ರ ಯಾರೂ ಎಣಿಸಿರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ಉಂಡು ಬೆಳೆದ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಅಪ್ಪ ಎರಡು ದಿನ ಪೇಪರು ಮುಟ್ಟಲಿಲ್ಲ.

ನಮ್ಮ ಮನೆಗೆ ಎರಡು ಬಗೆಯ ವಿಮೆಯ ಮಾತು ಬಂತು. ನೆರೆಯದ್ದು ಗೊತ್ತಿತ್ತು. ಇನ್ನೊಂದು ನೆಲ ಕುಸಿತದ್ದು. ಈ ಬೆಟ್ಟಗಳ ಹೊಟ್ಟೆಯನ್ನೆಲ್ಲ ಕಲ್ಲಿದ್ದಲಿಗಾಗಿ ತೋಡಿಬಿಟ್ಟಿದ್ದಾರೆ, ಯಾವಾಗಲಾದರೂ ಕೆಳಗಿನ ಸುರಂಗ ಕೂತರೆ ಮೇಲಿನ ಮನೆಯೂ ಕೂರುತ್ತದೆ. ಖಾಸಗಿ ವಿಮೆಯವರು ಸಾಮಾನ್ಯವಾಗಿ ಇದರ ತಂಟೆಗೆ ಬರುವುದಿಲ್ಲವಾದ್ದರಿಂದ ರಾಜ್ಯ ಸರ್ಕಾರವೇ 1961ರಿಂದ ಈ ವಿಮೆ ಕೊಡುತ್ತಿದೆ. ಕಂತು ಹೆಚ್ಚೇನಿಲ್ಲ. ಕಟ್ಟಿದೆವು.

ಕ್ರಯಪತ್ರಕ್ಕೆ ಸಹಿ ಹಾಕುವ ದಿನ ನೋಡಿದರೆ ಅದರಲ್ಲೂ ಕಲ್ಲಿದ್ದಲು. ಈ ಕಡೆಯ ಪತ್ರಗಳಲ್ಲಿ ಕಾನೂನಿನ ಪ್ರಕಾರ ಸೇರುವ ಸೂಚನೆಯಂತೆ ಅದು. ಕೆಳಗಿನ ಕಲ್ಲಿದ್ದಲಿನ ಹಕ್ಕು ಈ ಕ್ರಯದಲ್ಲಿ ಸೇರದೇ ಇರಬಹುದು, ಮೇಲ್ನೆಲವನ್ನು ಕೆಳಗಿನಿಂದ ಆಧರಿಸಿ ಹಿಡಿಯಬೇಕೆಂದು ಕೇಳುವ ಹಕ್ಕೂ ನಿಮಗೆ ಇರದೇ ಇರಬಹುದು ಎಂಬ ಅರ್ಥದ್ದು. ಹೆಂಡತಿ ಅದನ್ನು ಓದಿ, ಪೆನ್ನು ಕೆಳಗಿಟ್ಟು, ನೀರು ಕುಡಿದು, ಮತ್ತೆ ಓದಿ ಸಹಿ ಹಾಕಿದಳು.

ಅಪ್ಪನಿಗೆ ಅದನ್ನು ವಿವರಿಸಲು ಸ್ವಲ್ಪ ಹೊತ್ತೇ ಬೇಕಾಯಿತು. "ಅಂದ್ರೆ ಮೇಲಿಂದು ನಿಂದು, ಕೆಳಗಿಂದು ಕಂಪನೀದು" ಎಂದು ಖಚಿತಪಡಿಸಿಕೊಂಡರು. ಹೂಂ ಎಂದೆ. "ಪರವಾಗಿಲ್ಲ ಬಿಡು. ನಮಗೆ ಎರಡೂ ಕಂಪನೀದೇ ಆಗಿತ್ತು" ಎಂದರು. ಆಮೇಲೆ ವರ್ಷದ ಕಂದಾಯ ಎಷ್ಟು ಎಂದು ಕೇಳಿದರು. ಹೇಳಿದೆ. ಮನೆಯ ಬೆಲೆ ಕೇಳಿ ನಂಬದಿದ್ದವರಿಗೆಲ್ಲ ಆ ಲೆಕ್ಕವನ್ನು ಈಗ ಅವರೇ ಊರಲ್ಲಿ ಹೇಳಿಕೊಂಡು ಬರುತ್ತಿದ್ದಾರೆ.