ಬ್ಲೇಡೋ, ಲೋಡರೋ? ಮೊದಲು ಮಣ್ಣಿಗೊಂದು ಜಾಗ ಹುಡುಕಿ

1/6
ಹಿಮ ತೆಗೆಯೋ ಟ್ರ್ಯಾಕ್ಟರ್ ರೀಲನ್ನ ನೀವೆಲ್ಲ ಎಷ್ಟು ಸಲ ಕಳಿಸಿದ್ದೀರಿ ಅಂತ ಎಣಿಸೋದನ್ನೇ ಬಿಟ್ಟಿದ್ದೀನಿ. ಕೆನಡಾದಲ್ಲಿ ಯಾರೋ ಒಬ್ಬರು ಬೆಚ್ಚಗೆ ಕ್ಯಾಬಿನ್ ಒಳಗೆ ಕೂತಿರ್ತಾರೆ, ಟ್ರ್ಯಾಕ್ಟರ್‌ಗೆ ಕಟ್ಟಿದ ಯಂತ್ರ ಹಿಮವನ್ನ ಕಾರಂಜಿ ಥರ ಪಕ್ಕಕ್ಕೆ ಎಸೀತಾ ಹೋಗುತ್ತೆ, ಮನೆ ಮುಂದಿನ ದಾರಿ ಕ್ಲೀನ್. ಕೆಳಗೆ ನಿಮ್ಮ ಮೆಸೇಜು: "ನಿಮ್ಮ ತೋಟದ ರಸ್ತೆಗೂ ಇದೊಂದು ತಗೊಳ್ಳಿ ಮಾರಾಯ್ರೆ!"

ನಮ್ಮದು ಆಲೂರು ದಾಟಿ ಸಕಲೇಶಪುರದ ಕಡೆ ಏರೋ ಗುಡ್ಡ. ಇಲ್ಲಿ ಬೀಳೋದು ಹಿಮ ಅಲ್ಲ, ಧರೆ. ಜುಲೈ ಬಂತು ಅಂದ್ರೆ ಡಾಂಬರು ರಸ್ತೆಯಿಂದ ಮನೆವರೆಗಿನ ದಾರಿ ಮೇಲೆ ಕೆಂಪು ಕೆಸರು ಹರಿದು ಕೂರುತ್ತೆ. ಸ್ಕೂಲಿಗೆ ರಜೆ ಕೊಡ್ತಾರೆ ನಿಜ, ಆದರೆ ಜ್ವರಕ್ಕೆ, ಹೆರಿಗೆಗೆ, ಹಾಲಿನ ಕ್ಯಾನಿಗೆ ಯಾರೂ ರಜೆ ಕೊಡಲ್ಲ. ದಾರಿ ತೆರೆದೇ ಇರಬೇಕು.

ಹಾಗಾಗಿ ಈ ಸರಣಿಯಲ್ಲಿ ಇವತ್ತು ಟ್ರ್ಯಾಕ್ಟರ್ ಅಟ್ಯಾಚ್‌ಮೆಂಟ್ ಆರಿಸೋ ಕಥೆ. ಸ್ವೈಪ್ ಮಾಡ್ತಾ ಓದಿ.

2/6
ಮೊದಲು ಒಂದು ಲೆಕ್ಕ. 100 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ ಅಂತ ಇಟ್ಕೊಳ್ಳಿ. ಅದರ ಮೇಲೆ 10 ಸೆಂಟಿಮೀಟರ್ ಏನೋ ಬಿದ್ದಿದೆ. ಒಟ್ಟು 30 ಘನ ಮೀಟರ್.

ಈಗ ತಾನೇ ಬಿದ್ದ ಹಗುರ ಹಿಮ ಆದರೆ ಘನ ಮೀಟರಿಗೆ ಹೆಚ್ಚುಕಮ್ಮಿ 100 ಕಿಲೋ. ಅಂದ್ರೆ 3 ಟನ್. ಒದ್ದೆ ಮಣ್ಣು ಘನ ಮೀಟರಿಗೆ ಸುಮಾರು 1,800 ಕಿಲೋ. ಅಂದ್ರೆ 54 ಟನ್!

ಅದೇ ದಾರಿ, ಅದೇ ದಪ್ಪ, ಆದರೆ ತೂಕ ಹದಿನೆಂಟು ಪಟ್ಟು. ಮತ್ತೆ ಹಿಮ ಬಿಸಿಲು ಬಂದರೆ ಕರಗಿ ಹೋಗುತ್ತೆ. ಮಣ್ಣು ನೀವು ಎಲ್ಲಿ ಇಟ್ಟಿರೋ ಅಲ್ಲೇ ಇರುತ್ತೆ, ಇಲ್ಲಾಂದ್ರೆ ಮುಂದಿನ ಮಳೆಗೆ ಇನ್ನೂ ಕೆಳಗೆ ಹೋಗುತ್ತೆ. ಈ ಎರಡನೇ ಮಾತನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ರೀಲಿನ ಆ ಸ್ನೋ ಬ್ಲೋವರ್ ಪಿಟಿಒ ಶಾಫ್ಟಿನಿಂದ ತಿರುಗುತ್ತೆ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಪುಡಿ ಹಿಮಕ್ಕೆ ಅದು ಸರಿ. ನಮ್ಮ ಅಂಟು ಮಣ್ಣು, ಅದರೊಳಗಿನ ಕಲ್ಲು, ಸಿಲ್ವರ್ ಓಕ್ ಬೇರು ಇವನ್ನ ಅದಕ್ಕೆ ತಿನ್ನಿಸಿದರೆ ಗಂಟಲು ಕಟ್ಟೋದು ಖಂಡಿತ.

3/6
ಹಾಗಾದ್ರೆ ನಮಗೆ ಯಾವುದು?

ಹಿಂಬದಿ ಬ್ಲೇಡ್: ಟ್ರ್ಯಾಕ್ಟರ್ ಹಿಂದಿನ ತ್ರೀ ಪಾಯಿಂಟ್ ಲಿಂಕೇಜಿಗೆ ಕಟ್ಟೋ ಕಬ್ಬಿಣದ ಹಲಗೆ. ಎಡಕ್ಕೋ ಬಲಕ್ಕೋ ಓರೆ ಮಾಡಬಹುದು. ಪಿಟಿಒ ಬೇಡ, ರಿಪೇರಿ ಕಮ್ಮಿ. ಆದರೆ ಒಂದು ವಿಷಯ ಗೊತ್ತಿರಲಿ. ನಮ್ಮ ಟ್ರ್ಯಾಕ್ಟರುಗಳ ಹಿಂದಿನ ಲಿಫ್ಟ್ ಮೇಲಕ್ಕೆ ಎತ್ತುತ್ತೆ ಅಷ್ಟೇ, ಕೆಳಕ್ಕೆ ಒತ್ತಲ್ಲ. ಬ್ಲೇಡ್ ನೆಲ ಹಿಡಿಯೋದು ತನ್ನ ಸ್ವಂತ ತೂಕದಿಂದ. ಗಟ್ಟಿ ಮಣ್ಣಾದ್ರೆ ಮೇಲೆ ಭಾರ ಹೇರಬೇಕು. ಇನ್ನೊಂದು, ಮುಂದಕ್ಕೆ ಹೋಗುವಾಗ ಚಕ್ರ ಮೊದಲು ಕೆಸರು ತುಳಿಯುತ್ತೆ, ಬ್ಲೇಡ್ ಆಮೇಲೆ ಬರುತ್ತೆ. ಗೇಣುದ್ದ ಕೆಸರಿಗೆ ಓಕೆ, ಮಂಡಿಯುದ್ದಕ್ಕೆ ಅಲ್ಲ.

ಮುಂದಿನ ಡೋಜರ್ ಬ್ಲೇಡ್: ಚಕ್ರಕ್ಕೆ ಮುಂಚೆ ಮಣ್ಣು ತಳ್ಳುತ್ತೆ. ಆದರೆ ಎತ್ತಿ ಒಯ್ಯಲ್ಲ.

ಲೆವೆಲರ್: ಮಳೆ ನಿಂತ ಮೇಲೆ ಗ್ರಾವೆಲ್ ಹಾಸಿ ದಾರಿಯ ನಡುವನ್ನ ಉಬ್ಬಿಸೋಕೆ. 3 ಮೀಟರ್ ದಾರಿಗೆ ನಡು ಅಂಚಿಗಿಂತ 6 ಸೆಂಟಿಮೀಟರ್ ಎತ್ತರ ಇದ್ರೆ ನೀರು ದಾರಿ ಮೇಲೆ ಓಡದೆ ಪಕ್ಕಕ್ಕೆ ಇಳಿಯುತ್ತೆ.

ರೋಟವೇಟರ್, ಕಲ್ಟಿವೇಟರ್: ದಯವಿಟ್ಟು ಬೇಡ. ಅವು ಗದ್ದೆಗೆ. ದಾರಿಯನ್ನ ಸಡಿಲ ಮಾಡಿದ್ರೆ ಮುಂದಿನ ಮಳೆಗೆ ದಾರಿಯೇ ಹಳ್ಳ.

4/6
ಅಪ್ಪನ ಕಣ್ಣು ಇದ್ದದ್ದು ಮುಂದಿನ ಲೋಡರ್ ಮೇಲೆ. ಬಕೆಟ್ ಇರೋದು. ನೋಡೋಕೂ ಗತ್ತು. ಮಣ್ಣನ್ನ ಎತ್ತಿ ಟ್ರೇಲರಿಗೆ ಸುರಿಯಬಹುದು, ಗೊಬ್ಬರಕ್ಕೂ ಆಗುತ್ತೆ.

ಆದರೆ ನಮ್ಮ ದಾರಿ ಏರು, ನಮ್ಮದು ಟೂ ವೀಲ್ ಡ್ರೈವ್. ಬಕೆಟ್ ತುಂಬಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತೆ, ಎಳೆಯಬೇಕಾದ ಹಿಂದಿನ ಚಕ್ರ ಹಗುರಾಗಿ ಜಾರುತ್ತೆ. ಹಿಂದೆ ಭಾರ ಕಟ್ಟಲೇಬೇಕು. ಬಕೆಟ್ ಎತ್ತಿದಷ್ಟೂ ಗಾಡಿಯ ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತೆ. ಓರೆ ನೆಲದಲ್ಲಿ ಎತ್ತಿದ ಬಕೆಟ್ ಜೊತೆ ತಿರುಗಿಸಿದ್ರೆ ಟ್ರ್ಯಾಕ್ಟರ್ ಮಗುಚೋಕೆ ಒಂದು ಕಲ್ಲು ಸಾಕು.

ನಮ್ಮ ಟ್ರ್ಯಾಕ್ಟರ್ ಓಡಿಸೋ ಅಣ್ಣ ಇದನ್ನೆಲ್ಲ ಫಿಸಿಕ್ಸ್ ಭಾಷೆಯಲ್ಲಿ ಹೇಳಲಿಲ್ಲ. "ಕೂರೋನು ನಾನು ಸಾರ್" ಅಂದ್ರು, ಅಷ್ಟೇ. ಅಪ್ಪ ಸುಮ್ಮನಾದ್ರು.

ಯಾವುದೇ ತಗೊಂಡ್ರೂ ಇಷ್ಟು ಪಾಲಿಸಿ: ಇಳಿಯೋಕೆ ಮುಂಚೆ ಅಟ್ಯಾಚ್‌ಮೆಂಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ. ಎತ್ತಿದ ಕಬ್ಬಿಣದ ಕೆಳಗೆ ಕೈ ಹಾಕಬೇಡಿ. ರೀಲ್ ಮಾಡೋಕೆ ಮಡ್‌ಗಾರ್ಡ್ ಮೇಲೆ ಕೂರಬೇಡಿ.

5/6
ಈ ಫೋಟೋನ ಸ್ವಲ್ಪ ಝೂಮ್ ಮಾಡಿ ನೋಡಿ. ಬಲಗಡೆ ಕಡಿದಾದ ಧರೆ, ಅದರ ಬುಡದಲ್ಲಿ ಚರಂಡಿ. ನಡುವೆ ದಾರಿ. ಎಡಗಡೆ ಇಳಿಜಾರು, ಕಾಫಿ ಗಿಡ, ಅದರ ಕೆಳಗೆ ಮೂರು ಲೈನ್ ಮನೆ, ಆಮೇಲೆ ಗದ್ದೆ.

ಈಗ ಹೇಳಿ, ಬ್ಲೇಡನ್ನ ಯಾವ ಕಡೆ ಓರೆ ಮಾಡ್ತೀರಿ?

ಬಲಕ್ಕೆ ತಳ್ಳಿದ್ರೆ ಚರಂಡಿ ಮುಚ್ಚುತ್ತೆ, ನೀರು ದಾರಿಗೆ ಹತ್ತುತ್ತೆ. ಎಡಕ್ಕೆ ತಳ್ಳೋದು ಸುಲಭ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತೆ, ರೀಲ್ ಕೂಡ ಸೂಪರ್ ಆಗಿ ಬರುತ್ತೆ. ಆದರೆ ಆ ಸಡಿಲ ಮಣ್ಣು ರಾತ್ರಿ ಜಡಿಮಳೆಗೆ ಎಲ್ಲಿಗೆ ಇಳಿಯುತ್ತೆ ಅಂತ ನೋಡಿದ್ರಾ?

ಲೈನ್ ಮನೆಯ ಒಬ್ಬರು ಅಮ್ಮನ ಹತ್ರ ತಾವು ಮುಂಚೆ ಇದ್ದ ತೋಟದ ಬಗ್ಗೆ ಹೇಳ್ತಿದ್ರು. "ಅವರ ದಾರಿ ಕ್ಲೀನಾದ ದಿನ ನಮ್ಮ ಅಂಗಳ ಕೆಸರು ಕಣಕ್ಕ. ರಾತ್ರಿ ಮಗು ಎತ್ಕೊಂಡು ಗೋಡೆ ನೋಡ್ಕೊಂಡೇ ಕೂತಿರ್ತಿದ್ದೆ." ದೂರು ಹೇಳೋ ದನಿಯಲ್ಲ ಅದು, ಮಳೆ ಬಗ್ಗೆ ಮಾತಾಡೋ ದನಿ. ನನಗೆ ಚುಚ್ಚಿದ್ದು ಅದೇ.

ಅವತ್ತಿಂದ ನಮ್ಮ ಮನೆಯಲ್ಲಿ ಪ್ರಶ್ನೆಯೇ ಬದಲಾಯ್ತು. ಯಾವ ಅಟ್ಯಾಚ್‌ಮೆಂಟ್ ಅನ್ನೋದು ಎರಡನೇದು. ಮಣ್ಣು ಎಲ್ಲಿಗೆ ಹೋಗುತ್ತೆ ಅನ್ನೋದು ಮೊದಲನೇದು. ದಾರಿ ನಮ್ಮದು, ಇಳಿಜಾರು ಎಲ್ಲರದ್ದು.

6/6
ನಾವು ಮಾಡಿದ್ದು ಇಷ್ಟು. ಪಕ್ಕದ ಎರಡು ಮನೆಯವರ ಜೊತೆ ಸೇರಿ ಒಂದು ಹಿಂಬದಿ ಬ್ಲೇಡ್ ತಗೊಂಡ್ವಿ. ಕೆಸರನ್ನ ಅಂಚಿಗೆ ತಳ್ಳಲ್ಲ, ದಾರಿ ಉದ್ದಕ್ಕೇ ಎಳೆದು ತಂದು ಮೇಲಿನ ತಿರುವಿನ ಸಮತಟ್ಟು ಜಾಗದಲ್ಲಿ ಗುಡ್ಡೆ ಹಾಕ್ತೀವಿ. ಅಲ್ಲಿಂದ ಗುದ್ದಲಿ, ಬಾಂಡ್ಲಿ, ಟ್ರೇಲರ್. ಕಾಫಿ ಕಣದ ಹಿಂದಿನ ಗುಂಡಿಗೆ. ಹೌದು, ಎರಡು ಪಟ್ಟು ಹೊತ್ತು ಹಿಡಿಯುತ್ತೆ. ಡೀಸೆಲ್ ಲೆಕ್ಕ ಹೇಳಿ ಅಪ್ಪ ಈಗಲೂ ಗೊಣಗ್ತಾರೆ.

ಧರೆಯೇ ಕುಸಿದ್ರೆ ನಮ್ಮ ಬ್ಲೇಡ್ ಆಟಕ್ಕಿಲ್ಲ, ಬಾಡಿಗೆ ಜೆಸಿಬಿಯೇ ಬೇಕು. ಅದನ್ನೂ ಮಳೆ ಬಿಡೋವರೆಗೆ ಕರೆಸಲ್ಲ. ಬುಡದ ಮಣ್ಣು ತೆಗೆದ್ರೆ ಮೇಲಿನ ಮಣ್ಣಿಗೆ ಆಧಾರ ಹೋಗುತ್ತೆ. 2024ರ ಜುಲೈ ನಿಮಗೂ ನೆನಪಿರಬೇಕು. ದೋಣಿಗಲ್ ಹತ್ರ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಮತ್ತೆ ಮತ್ತೆ ಮಣ್ಣು ಜರೀತು. ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಕುಸಿದು ಬೆಂಗಳೂರು–ಮಂಗಳೂರು ರೈಲು ದಿನಗಟ್ಟಲೆ ನಿಂತ್ವು. ದೊಡ್ಡ ದೊಡ್ಡ ಯಂತ್ರ ಇದ್ದವರೇ ಗುಡ್ಡದ ಮುಂದೆ ಕಾಯಬೇಕಾಯ್ತು. ನಮ್ಮದೇನು?

ಆರಿದ್ರಾ ಮಳೆ ಹುಟ್ಟೋದು ಜೂನ್ 22ರ ಹೊತ್ತಿಗೆ. ಅದಕ್ಕೆ ಮುಂಚೆ ಒಂದು ಭಾನುವಾರ ನಿಮ್ಮ ದಾರಿಯನ್ನ ಮೇಲಿಂದ ಕೆಳಗೆ ನಡೆದು ನೋಡಿ. ಚರಂಡಿ ಬಿಡಿಸಿ, ಮೋರಿ ಬಾಯಿಗೆ ಸಿಕ್ಕಿರೋ ಎಲೆ ತೆಗೀರಿ. ನೀರು ಸರಿ ಹೋದ್ರೆ ತಳ್ಳಬೇಕಾದ ಕೆಸರೇ ಕಮ್ಮಿ. ಆಮೇಲೆ ದಾರಿಯ ಅಂಚಲ್ಲಿ ನಿಂತು ಕೆಳಗೆ ಯಾರ ಮನೆ ಇದೆ ನೋಡಿ. ಅವರನ್ನ ಮಾತಾಡಿಸಿ ಬಂದು ಆಮೇಲೆ ಶೋರೂಮಿಗೆ ಹೋಗಿ.

ನಿಮ್ಮ ದಾರಿಯ ಕೆಳಗೆ ಏನಿದೆ? ಕಾಮೆಂಟಲ್ಲಿ ಬರೀರಿ. ತೋಟ ಇರೋ ಫ್ರೆಂಡಿಗೆ ಇದನ್ನ ಕಳಿಸಿ. ಮುಂದಿನ ಭಾಗದಲ್ಲಿ ಮೋರಿ ಪೈಪಿನ ಕಥೆ.

#ಸಕಲೇಶಪುರ #ಆಲೂರು #ಮಲೆನಾಡು #ಮಳೆಗಾಲ #ತೋಟದದಾರಿ