ಗೆರೆ ಎಳೆಯಿಸುವ ಪ್ರಶ್ನೆ

ಹತ್ತನೆಯ ತರಗತಿಯ ಗಣಿತ ಪತ್ರಿಕೆಯಲ್ಲಿ ನನಗೆ ತೀರಾ ಪ್ರೀತಿಯ ಪ್ರಶ್ನೆಯೊಂದಿದೆ. ಎರಡು ಸಮೀಕರಣ ಕೊಟ್ಟು ನಕ್ಷೆಯ ಮೂಲಕ ಬಿಡಿಸಿ ಎನ್ನುತ್ತಾರಲ್ಲ, ಅದು. ನಮ್ಮ ರೋಣದ ಕಡೆಯ ಹುಡುಗರಿಗೆ ಅದು ಬರೀ ‘ಗ್ರಾಫ್’. ‘ಗ್ರಾಫ್ ಬಂದ ಬರ್ತೈತಿ ಸರ್ರ, ನಾಕ್ ಮಾರ್ಕ್ಸ್ ಎಲ್ಲೂ ಹೋಗಂಗಿಲ್ಲ’ ಅನ್ನುವ ಧೈರ್ಯ ಅವರದು. ಪ್ರಮೇಯಕ್ಕೆ ಹೆದರುವ ಮಗುವೂ ಇದಕ್ಕಾದರೆ ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತದೆ. ಬರಿಯ ಅಕ್ಷರಗಳಾಗಿದ್ದ ಎಕ್ಸ್, ವೈಗಳು ಅದರ ಕಣ್ಣೆದುರು ಗೆರೆಯಾಗುತ್ತವೆ.

2021ರ ಎಸ್ಸೆಸ್ಸೆಲ್ಸಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಕೋವಿಡ್ ಕಾಲ, ಜುಲೈ 19ರ ಒಂದೇ ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಮುಗಿದವು. ಒಂದೊಂದಕ್ಕೂ 40 ಬಹು ಆಯ್ಕೆಯ ಪ್ರಶ್ನೆ, ಉತ್ತರಕ್ಕೆ ಓಎಂಆರ್ ಹಾಳೆ. ಆ ಸಂಕಟದಲ್ಲಿ ಪರೀಕ್ಷೆ ನಡೆದದ್ದೇ ದೊಡ್ಡದು. ಆದರೆ ಗೆರೆಗಳು ಎಲ್ಲಿ ಕೂಡುತ್ತವೆ ಎಂದು ಕೇಳಿ ನಾಲ್ಕು ಆಯ್ಕೆ ಕೊಟ್ಟರೆ, ಮಗು ಒಂದೊಂದನ್ನೂ ಸಮೀಕರಣಕ್ಕೆ ಹಾಕಿ ನೋಡಿ ಸರಿಯಾದದ್ದನ್ನು ಹೆಕ್ಕುತ್ತದೆ. ಗೆರೆಯ ನೆನಪೂ ಅದಕ್ಕೆ ಆಗಬೇಕಿಲ್ಲ. ಶಾಲೆಯ ಆನ್‌ಲೈನ್ ಟೆಸ್ಟುಗಳೂ ಬಹುಪಾಲು ಅದೇ ದಾರಿ ಹಿಡಿದವು. ಪರದೆಯ ಮೇಲೆ ಮಗುವಿನ ಕೈಯಿಂದಲೇ ಗೆರೆ ಎಳೆಯಿಸಬೇಕೆಂಬ ಹಂಬಲ ನನಗೆ ಹತ್ತಿದ್ದು ಆಗ.

ಸಾಧನಗಳಿಗೇನೂ ಬರವಿಲ್ಲ. ಜಿಯೋಜೀಬ್ರ ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಹಳೆಯ ಪರಿಚಯ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಓದಿನ ಭಾಗವಾಗಿ ಶುರುಮಾಡಿದ ತಂತ್ರಾಂಶ ಅದು. ಅಂಕ ಕೊಡುವ ಕೆಲಸಕ್ಕೆ ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶದ ಜೊತೆ ಓಡುವ ‘ಸ್ಟ್ಯಾಕ್’ ಇದೆ, ಬ್ರಿಟನ್ನಿನ ಕ್ರಿಸ್ ಸ್ಯಾಂಗ್ವಿನ್ ಕಟ್ಟಿದ್ದು. ಅದರೊಳಗೆ ಚಿತ್ರ ಬರೆಯಲು ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದ ಜೆಎಸ್‌ಎಕ್ಸ್‌ಗ್ರಾಫ್. ಎಲ್ಲವೂ ಪುಕ್ಕಟೆ. ನಮ್ಮ ಪಾಲಿಗೆ ಉಳಿಯುವುದು ಯೋಚನೆ.

ಆ ಯೋಚನೆಯೇ ಸೊಗಸು. ಪರದೆಯ ಮೇಲೆ ಎರಡು ಚುಕ್ಕೆ ಇಡುತ್ತೇವೆ. ಮಗು ಅವನ್ನು ಎಳೆದಂತೆ ಅವುಗಳ ಮೂಲಕ ಹಾಯುವ ಗೆರೆಯೂ ತಿರುಗುತ್ತದೆ. 2ಎಕ್ಸ್ + ವೈ = 7 ಎಂಬ ಗೆರೆಯ ಮೇಲಿನ ಯಾವ ಎರಡು ಬಿಂದುವಾದರೂ ಸರಿ. ಒಬ್ಬಳು (0, 7), (1, 5) ಹಿಡಿದರೆ ಇನ್ನೊಬ್ಬ (2, 3), (3, 1) ಹಿಡಿಯಬಹುದು. ಹಾಗಾದರೆ ಯಂತ್ರ ಏನನ್ನು ನೋಡಬೇಕು? ಗೆರೆಯ ಓಟವನ್ನು, ಅಂದರೆ ಇಳಿಜಾರನ್ನು ಲೆಕ್ಕ ಹಾಕಲಿ ಎಂದು ಮೊದಲಿಗೆ ತೋಚುತ್ತದೆ. ಎಕ್ಸ್ = 3ರಂಥ ನೆಟ್ಟಗೆ ನಿಂತ ಗೆರೆ ಬಂದಾಗ ಆ ಲೆಕ್ಕ ಸೊನ್ನೆಯಿಂದ ಭಾಗಿಸಲು ಹೋಗಿ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಎರಡೂ ಬಿಂದು ಸಮೀಕರಣಕ್ಕೆ ಒಪ್ಪುತ್ತವೆಯೇ ಎಂದು ಕೇಳುವುದು ಮೇಲು. ಜೊತೆಗೆ ಎರಡೂ ಬೇರೆ ಬೇರೆ ಬಿಂದುಗಳೇ ಎಂದೂ ಕೇಳಬೇಕು. ಒಂದರ ಮೇಲೊಂದು ಕೂತರೆ ಗೆರೆಯೇ ಹುಟ್ಟುವುದಿಲ್ಲ.

ಮಕ್ಕಳ ಬೆರಳಿನದು ಇನ್ನೊಂದು ಕಥೆ. ಅಪ್ಪನ ಫೋನಿನ ಚಿಕ್ಕ ಪರದೆಯಲ್ಲಿ ಬೆರಳು ಚುಕ್ಕೆಯನ್ನೇ ಮುಚ್ಚುತ್ತದೆ. ಹಾಗಾಗಿ ಚುಕ್ಕೆ ಚೌಕದ ಮೂಲೆಗೆ ತಾನೇ ಅಂಟಿಕೊಳ್ಳಬೇಕು, ಅದು ಕೂತ ಜಾಗದ ನಿರ್ದೇಶಾಂಕ ಪಕ್ಕದಲ್ಲಿ ಕಾಣಬೇಕು. ಕಣ್ಣು ಮಂದವಿರುವ ಮಗುವಿಗಾಗಿ ಅದೇ ಅಂಕಿಗಳನ್ನು ಟೈಪ್ ಮಾಡಲೂ ಜಾಗ ಬಿಡಬೇಕು. ಕೈ ನಡುಗಿದ್ದಕ್ಕೆ ಅಂಕ ಕಳೆಯುವುದು ಅನ್ಯಾಯ. ನಮಗೆ ಬೇಕಾದದ್ದು ಅದರ ತಿಳಿವಳಿಕೆಯ ಅಳತೆ.

ಉತ್ತರ ಚೌಕದ ಮೂಲೆಯಲ್ಲೇ ಬೀಳಬೇಕಾದರೆ ಪ್ರಶ್ನೆಯನ್ನು ಹಿಂದುಮುಂದಾಗಿ ಹೊಸೆಯಬೇಕು. ಮೊದಲು (2, 3) ಎಂದು ಉತ್ತರ ಹಿಡಿಯುವುದು, ಆಮೇಲೆ ಅದರ ಮೂಲಕ ಹಾಯುವ ಎರಡು ಗೆರೆ ಆರಿಸುವುದು. ಹೀಗೆ ಮಾಡಿದರೆ ಪ್ರತಿ ಮಗುವಿಗೂ ಬೇರೆ ಅಂಕಿಗಳ ಪ್ರಶ್ನೆ ಸಿಗುತ್ತದೆ. ಪಕ್ಕದ ಬೆಂಚಿನತ್ತ ಇಣುಕಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಪಾಡು ಏಕೆಂದರೆ, ತಪ್ಪು ಉತ್ತರ ಇಲ್ಲಿ ಮಾತಾಡುತ್ತದೆ. (1, 5) ಇಡಬೇಕಾದಲ್ಲಿ (5, 1) ಇಟ್ಟ ಮಗುವಿಗೆ ಸಮೀಕರಣ ಗೊತ್ತು, ಅಡ್ಡ ಯಾವುದು ಉದ್ದ ಯಾವುದು ಎಂಬುದು ಮಾತ್ರ ಅದಲುಬದಲಾಗಿದೆ. ಅದನ್ನು ಯಂತ್ರ ಹಿಡಿದು ‘ಮೊದಲು ಅಡ್ಡ ಸರಿ, ಆಮೇಲೆ ಮೇಲೆ ಏರು’ ಎನ್ನಬಲ್ಲದು. ಮೊದಲ ಗೆರೆ ತಪ್ಪಿದ್ದರೂ ತಾನು ಎಳೆದ ಗೆರೆಗಳು ಕೂಡಿದ ಜಾಗವನ್ನು ಸರಿಯಾಗಿ ಓದಿದ ಮಗುವಿಗೆ ಆ ಓದಿನ ಅಂಕ ಸಿಗಬೇಕು. ಕಾಗದದ ಮೇಲೆ ಒಳ್ಳೆಯ ಮೇಷ್ಟ್ರು ಮಾಡುವ ಕೆಲಸವಿದು. ‘ಗೆರಿ ಎರಡೂ ಕೂಡವಲ್ವು ಸರ್ರ’ ಎಂದು ಒಂದು ಹುಡುಗಿ ಎದ್ದು ನಿಂತರೆ, ಸಮಾಂತರ ರೇಖೆಯ ಪಾಠ ಅಲ್ಲೇ ಶುರುವಾಗುತ್ತದೆ. ಹಿಂಗಾರಿಗೆ ಕೂರಿಗೆ ಹಾಯ್ದ ಎರೆಹೊಲದ ಸಾಲುಗಳ ಹಾಗೆ ಅವು ಬದುವಿನತನಕ ಜೊತೆಜೊತೆ ಓಡುತ್ತವೆ, ಕೂಡುವುದಿಲ್ಲ.

ಪ್ರಶ್ನೆಗೆ ಊರಿನ ಮಣ್ಣು ಹತ್ತಬೇಕೆಂಬುದು ನನ್ನ ಹಟ. ನರಗುಂದದ ಮಗುವಿಗೆ ನೀರಿನ ಲೆಕ್ಕ ಹುಟ್ಟಿನಿಂದ ಬಂದದ್ದು. 1980ರ ಜುಲೈ 21ರ ರೈತ ಬಂಡಾಯದ ಮಾತು ಅಲ್ಲಿ ಮನೆಮನೆಯಲ್ಲಿದೆ; 2015ರಲ್ಲಿ ಮಹದಾಯಿಗಾಗಿ ಧರಣಿ ಕೂತ ಊರೂ ಅದೇ. ಅಲ್ಲಿಯ ಹೊಲಗಳಿಗೆ ಕಾಲುವೆಯ ನೀರು ಕೊಡುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ನರಗುಂದದಲ್ಲಿ ಹನಿ ಬೀಳದಿದ್ದರೂ ಅಲ್ಲಿ ಮಳೆ ಹಿಡಿದರೆ ಸವದತ್ತಿ ಬಳಿಯ ನವಿಲುತೀರ್ಥದ ಜಲಾಶಯ ಏರುತ್ತದೆ. ಒಳಹರಿವು, ಹೊರಹರಿವು ಎಂದು ಮಳೆಗಾಲದಲ್ಲಿ ಪತ್ರಿಕೆಗಳು ಅಚ್ಚುಮಾಡುತ್ತವಲ್ಲ, ಅದನ್ನೇ ಪ್ರಶ್ನೆಯಾಗಿಸಿದೆ. ಜೂನ್‌ನಿಂದ ನವೆಂಬರ್‌ವರೆಗೆ ಒಂದೊಂದು ಚುಕ್ಕೆ. ನೀರಿನ ಸಂಗ್ರಹ ಹೇಗೆ ಏರಿ ಇಳಿಯಿತೆಂದು ಎಳೆದು ತೋರಿಸು. ಇದಕ್ಕೆ ಒಂದೇ ಉತ್ತರವಿಲ್ಲ. ಒಳಹರಿವು ಹೆಚ್ಚಿರುವ ತಿಂಗಳಲ್ಲಿ ಗೆರೆ ಏರಬೇಕು, ಎರಡೂ ಸಮವಾದಾಗ ಮಟ್ಟಸವಾಗಬೇಕು, ಕಾಲುವೆಗೆ ಬಿಟ್ಟ ನೀರು ಹೆಚ್ಚಾದಾಗ ಇಳಿಯಬೇಕು. ಯಂತ್ರ ನೋಡುವುದು ಆ ಆಕಾರವನ್ನು. ಒಳಹರಿವು ಕಡಿಮೆಯಾದ ಕೂಡಲೇ ಸಂಗ್ರಹವೂ ಇಳಿಯುತ್ತದೆಂದು ತಿಳಿದ ಮಗು ಇಲ್ಲಿ ಕೈಗೆ ಸಿಕ್ಕಿಬೀಳುತ್ತದೆ. ಆ ತಪ್ಪು ತಿಳಿವಳಿಕೆ ಬಹು ಆಯ್ಕೆಯಲ್ಲಿ ಸುಲಭಕ್ಕೆ ಹೊರಗೆ ಬರುವುದಿಲ್ಲ.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಗಾಯನವನ್ನೂ ಒಮ್ಮೆ ನಕ್ಷೆಗೆ ತರುವ ಆಸೆ ಇದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಸ್ವರದ ಎತ್ತರ. ನಿಂತ ಷಡ್ಜ ಮಟ್ಟಸ ಗೆರೆ; ಮೀಂಡ್ ಎಂದರೆ ಎಲ್ಲೂ ತುಂಡಾಗದ ಏರು, ಇಲ್ಲವೇ ಇಳಿತ.

ಸದ್ಯ ಮೇಜಿನ ಮೇಲಿರುವುದು ಗಜೇಂದ್ರಗಡದ ಪ್ರಶ್ನೆ. ಅಲ್ಲಿಯ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಲೇ ಮಕ್ಕಳು ಶಾಲೆಗೆ ಬರುತ್ತವೆ. ಗಾಳಿಯ ವೇಗ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ದಾಟುವತನಕ ಅವುಗಳಿಂದ ವಿದ್ಯುತ್ ಹುಟ್ಟದು. ಅಲ್ಲಿಂದ ಮುಂದೆ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 5 ಮೀಟರಿನಲ್ಲಿ 100 ಕಿಲೋವ್ಯಾಟ್ ಎಂದು ಕೊಟ್ಟು, 10ರ ಚುಕ್ಕೆಯನ್ನು ಎಲ್ಲಿಗೆ ಎತ್ತುತ್ತೀ ಎಂದು ಕೇಳುತ್ತೇನೆ. 200ರಲ್ಲಿ ನಿಂತ ಬೆರಳಿಗೂ 800ರವರೆಗೆ ಹೋದ ಬೆರಳಿಗೂ ನಡುವೆ ಒಂದು ಇಡೀ ಅಧ್ಯಾಯವಿದೆ. ಆಮೇಲೆ ಗೆರೆ ಮಟ್ಟಸವಾಗುತ್ತದೆ, ಸುಮಾರು 25 ಮೀಟರಿನ ಬಿರುಗಾಳಿಗೆ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಅಲ್ಲಿ ಗೆರೆ ತುಂಡಾಗಬೇಕು. ಅದಕ್ಕಾಗಿ ಒಂದು ತುಂಬಿದ ಚುಕ್ಕೆ, ಒಂದು ಖಾಲಿ ಚುಕ್ಕೆ ಇಟ್ಟಿದ್ದೇನೆ. ಸರಿಯಾಗಿ 25ರಲ್ಲಿ ಯಂತ್ರ ಓಡುತ್ತಿರುತ್ತದೋ ನಿಂತಿರುತ್ತದೋ, ತುಂಬಿದ್ದು ಮೇಲೋ ಕೆಳಗೋ ಎಂದು ಸಹೋದ್ಯೋಗಿಗಳೊಡನೆ ವಾದ ನಡೆದಿದೆ. ಎರಡನ್ನೂ ಸರಿಯೆಂದು ಒಪ್ಪಿಕೊಂಡು, ಯಾಕೆ ಹಾಗಿಟ್ಟೆ ಎಂದು ಒಂದು ಸಾಲು ಬರೆಯಿಸುವುದೆಂದು ನಾನು ಗೊತ್ತುಮಾಡಿದ್ದೇನೆ. ಆ ಸಾಲನ್ನು ಯಂತ್ರಕ್ಕೆ ಬಿಡುವುದಿಲ್ಲ, ನಾನೇ ಓದುತ್ತೇನೆ.