ಅಪ್ಪ ನೆಟ್ಟ ಆಲದ ಮರ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮಕ್ಕೆ ಮೈಸೂರಿನ ಇತಿಹಾಸದಲ್ಲಿ ಒಂದು ವಿಶೇಷ ಸ್ಥಾನವುಂಟು. ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯರೆಂಬ ಸೋದರರು ಕಾರುಗಹಳ್ಳಿಯ ಮಾರನಾಯಕನ ಕಾಟದಿಂದ ಇಲ್ಲಿಯ ಅರಸುಮನೆಯನ್ನು ಪಾರುಮಾಡಿದರೆಂದೂ, ಯದುರಾಯನು ಆ ಮನೆಯ ಹೆಣ್ಣಿನ ಕೈಹಿಡಿದು 1399ರಲ್ಲಿ ಒಡೆಯರ ವಂಶಕ್ಕೆ ಮೂಲಪುರುಷನಾದನೆಂದೂ ಐತಿಹ್ಯ. ಐದೂವರೆ ಶತಮಾನ ನಡೆದ ರಾಜ್ಯಭಾರದ ಕಥೆ ಹೀಗೆ ಒಂದು ಮದುವೆಯಿಂದ ಮೊದಲಾಗುತ್ತದೆ.

ಅದೇ ತಾಲ್ಲೂಕಿನ ಮುಖ್ಯಪಟ್ಟಣವಾದ ನಂಜನಗೂಡಿನಲ್ಲಿ 1953ರ ಜೂನ್ 25ರಂದು ಇನ್ನೊಂದು ಮದುವೆ ನಡೆಯಿತು. ವರ ನಾಟಕದ ಕಂಪೆನಿಯ ನಟ ಮುತ್ತುರಾಜು. ಹೆಸರಾಂತ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ವಧು ಸಾಲಿಗ್ರಾಮದ ಪಾರ್ವತಿ. ಗಂಡಿನ ತಂದೆ ತೀರಿಕೊಂಡು ಎರಡು ವರ್ಷ ಕಳೆದಿತ್ತು. ಮರುವರ್ಷ, 1954ರಲ್ಲಿ, ‘ಬೇಡರ ಕಣ್ಣಪ್ಪ’ ತೆರೆಗೆ ಬಂದಿತು. ಮುತ್ತುರಾಜು ರಾಜ್‌ಕುಮಾರ್ ಆದರು. ಮುಂದಿನದನ್ನು ಕನ್ನಡ ನಾಡಿನಲ್ಲಿ ಯಾರಿಗೂ ಹೇಳಬೇಕಾದುದಿಲ್ಲ.

ಇಂಥ ತಂದೆಗೆ ಮಗನಾಗಿ ಹುಟ್ಟುವುದು ಭಾಗ್ಯವೆಂದು ಲೋಕ ಭಾವಿಸುತ್ತದೆ. ಆದರೆ ಲೋಕದ ಬಾಯಿಯಲ್ಲಿ ಇನ್ನೊಂದು ಮಾತೂ ಇದೆ: ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವುದೇ? ನೆರಳು ದೊಡ್ಡದಾದಷ್ಟೂ ಅದರ ಕೆಳಗಿನ ಗಿಡಕ್ಕೆ ಬಿಸಿಲು ಕಡಿಮೆ. ಈ ಮಾತಿನ ಸತ್ಯವನ್ನು ಪರೀಕ್ಷಿಸಲು ರಾಜ್‌ಕುಮಾರ್ ದಂಪತಿಗಳ ಕಿರಿಯ ಮಗ ಪುನೀತರ ಬಾಳು ಒಂದು ಒಳ್ಳೆಯ ನಿದರ್ಶನ. ನಟ ಪುನೀತರನ್ನು ಎಲ್ಲರೂ ಬಲ್ಲರು. ನಿರ್ಮಾಪಕ ಪುನೀತರನ್ನು ಕುರಿತು ಯೋಚಿಸಿದವರು ಕಡಿಮೆ.

ಪುನೀತ್ ಹುಟ್ಟಿದ್ದು 1975ರ ಮಾರ್ಚ್ 17ರಂದು, ಮದರಾಸಿನಲ್ಲಿ. ತಾಯಿ ಪಾರ್ವತಮ್ಮನವರು ‘ತ್ರಿಮೂರ್ತಿ’ಯ ಮೂಲಕ ಚಿತ್ರನಿರ್ಮಾಣಕ್ಕೆ ಕೈಹಾಕಿದ್ದೂ ಅದೇ ವರ್ಷ. ಮನೆಯಲ್ಲಿ ಮಗುವೂ ಕಂಪೆನಿಯೂ ಜೊತೆಯಾಗಿ ಬೆಳೆದವು ಎನ್ನಬಹುದು. ಚಿತ್ರರಂಗದಲ್ಲಿ ಹಣ ಹೂಡುವವರನ್ನು ರಾಜ್‌ಕುಮಾರ್ ಅವರು ‘ಅನ್ನದಾತರು’ ಎಂದೇ ಕರೆಯುತ್ತಿದ್ದರು. ಆ ಅನ್ನದ ಲೆಕ್ಕ ಎಷ್ಟು ಕಠಿಣವೆಂಬುದನ್ನು ಅವರ ಮನೆಯಲ್ಲಿ ಬಲ್ಲವರು ಪಾರ್ವತಮ್ಮನವರು. ಕಥೆಯನ್ನು ಆರಿಸುವುದು, ಹಣವನ್ನು ಹವಣಿಸುವುದು, ಹಂಚಿಕೆದಾರರೊಡನೆ ಮಾತನಾಡುವುದು, ಇವೆಲ್ಲ ಗಂಡಸರ ಕೆಲಸವೆಂದು ತಿಳಿದಿದ್ದ ಕಾಲದಲ್ಲಿ ಆಕೆ ಅವನ್ನು ಮನೆವಾರ್ತೆಯಷ್ಟೇ ದಕ್ಷತೆಯಿಂದ ನಡೆಸಿದರು.

ಕೈಗೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ ತೆರೆಯ ಮೇಲೆ ಕಾಣಿಸಿಕೊಂಡ ಹುಡುಗನಿಗೆ 1985ರ ‘ಬೆಟ್ಟದ ಹೂವು’ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಆ ಚಿತ್ರದ ರಾಮು ಬಡವರ ಮನೆಯ ಹುಡುಗ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆ ಅವನಿಗೆ. ಬೆಟ್ಟದ ಅಪರೂಪದ ಹೂಗಳನ್ನು ತಂದು ಮಾರಿ ಕಾಸಿಗೆ ಕಾಸು ಕೂಡಿಸುತ್ತಾನೆ; ಕಡೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿಯನ್ನು ಕೊಳ್ಳುತ್ತಾನೆ. ಕೈಯಲ್ಲಿರುವ ಹಣ ಯಾರ ಚಳಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಹತ್ತು ವರ್ಷದ ಹುಡುಗ ಅಭಿನಯಿಸಿ ತೋರಿಸಿದ್ದ. ಅದೇ ಪ್ರಶ್ನೆ ಮುಂದೆ ಬಾಳಿನಲ್ಲಿಯೂ ಅವನೆದುರು ಬಂದು ನಿಂತಿತು.

ಬಾಲ್ಯ ಕಳೆದ ಮೇಲೆ ಕೆಲವು ಕಾಲ ಅಭಿನಯದಿಂದ ದೂರವಿದ್ದ ಪುನೀತ್, 2002ರಲ್ಲಿ ‘ಅಪ್ಪು’ ಚಿತ್ರದ ನಾಯಕರಾಗಿ ಮರಳಿದರು. ನಿರ್ಮಾಪಕಿ ತಾಯಿಯೇ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪಾರ್ವತಮ್ಮನವರ ಸಂಸ್ಥೆ ಹೊಸಬರಿಗೆ ಬಾಗಿಲು ತೆರೆದದ್ದು ನಿಜ: 1986ರ ‘ಆನಂದ್’ನಲ್ಲಿ ಸುಧಾರಾಣಿ, 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ, ‘ಅಪ್ಪು’ವಿನಲ್ಲಿ ರಕ್ಷಿತಾ, 2003ರ ‘ಅಭಿ’ಯಲ್ಲಿ ರಮ್ಯಾ. ಆದರೆ ಈ ನಾಲ್ಕೂ ಚಿತ್ರಗಳ ನಾಯಕರು ಮನೆಯ ಮಕ್ಕಳೇ ಆಗಿದ್ದರು. ತಾಯಿಯೊಬ್ಬಳು ತನ್ನ ಮಕ್ಕಳ ಬಾಳಿಗೆ ದಾರಿ ಮಾಡಿಕೊಡುವುದು ಸಹಜ, ಅದನ್ನು ತಪ್ಪೆನ್ನಲಾಗದು. ಆದರೆ ಮಗ ಅಷ್ಟಕ್ಕೇ ತೃಪ್ತನಾಗಿದ್ದರೆ, ಅವನ ಕಥೆಯಲ್ಲಿ ಹೇಳತಕ್ಕ ವಿಶೇಷವೇನೂ ಇರುತ್ತಿರಲಿಲ್ಲ.

ಪಾರ್ವತಮ್ಮನವರು 2017ರ ಮೇ 31ರಂದು ತೀರಿಕೊಂಡರು. ಪುನೀತರ ಸ್ವಂತ ಸಂಸ್ಥೆಯ ಹೆಸರು ಪಿಆರ್‌ಕೆ. ಆ ಅಕ್ಷರಗಳು ತಾಯಿಯ ಹೆಸರಿಗೂ ಹೊಂದುತ್ತವೆ, ಮಗನ ಹೆಸರಿಗೂ ಹೊಂದುತ್ತವೆ. ಅದರ ಮೊದಲ ಚಿತ್ರ ‘ಕವಲುದಾರಿ’ 2019ರ ಏಪ್ರಿಲ್ 12ರಂದು, ಎಂದರೆ ರಾಜ್‌ಕುಮಾರ್ ಅಗಲಿದ ಹದಿಮೂರನೆಯ ವರ್ಷದ ದಿನವೇ, ಬಿಡುಗಡೆಯಾಯಿತು. ನಿರ್ದೇಶನ ಹೇಮಂತ್ ರಾವ್ ಅವರದು. ಮುಖ್ಯ ಪಾತ್ರಗಳಲ್ಲಿ ರಿಷಿ ಮತ್ತು ಅನಂತನಾಗ್. ನಾಯಕ ಪುನೀತರಲ್ಲ.

ಈ ಸಣ್ಣ ಸಂಗತಿಯಲ್ಲಿ ಬಹಳ ಅರ್ಥವಿದೆ. ಪುನೀತ್ ನಾಯಕರಾದ ಚಿತ್ರವೆಂದರೆ ಕೊಳ್ಳುವವರು ತಾವಾಗಿಯೇ ಬಂದಾರು. ನಾಯಕನ ಹೆಸರಿನ ಬಲವಿಲ್ಲದ ಚಿತ್ರಕ್ಕೆ ಹಣ ಹಾಕಿದವನು ಚಿತ್ರಮಂದಿರಕ್ಕಾಗಿಯೂ ಕಾಯಬೇಕು, ಪ್ರೇಕ್ಷಕನಿಗಾಗಿಯೂ ಕಾಯಬೇಕು. ಸುಲಭವಾಗಿ ಲಾಭ ತರಬಲ್ಲ ಮುಖ ತನ್ನದೇ ಆಗಿರುವಾಗ, ಅದನ್ನು ಪಕ್ಕಕ್ಕಿಟ್ಟು ಬೇರೆಯವರ ಕಥೆಯನ್ನು ನಂಬಿ ಕೈಯಿಂದ ಹಣ ಹಾಕುವುದು ವ್ಯಾಪಾರದ ಜಾಣತನವಲ್ಲ. ಅದು ಕಂಬಳಿ ಕೊಳ್ಳುವ ಬುದ್ಧಿ.

2020ರ ಫೆಬ್ರವರಿಯಲ್ಲಿ ಬಂದ ‘ಮಾಯಾಬಜಾರ್ 2016’, ರಾಧಾಕೃಷ್ಣ ರೆಡ್ಡಿ ಅವರ ಮೊದಲ ನಿರ್ದೇಶನದ ಚಿತ್ರ. ಅದಾದ ಕೆಲವೇ ವಾರಗಳಲ್ಲಿ ಕೊರೋನಾ ಸೋಂಕಿನಿಂದ ಚಿತ್ರಮಂದಿರಗಳ ಬಾಗಿಲು ಮುಚ್ಚಿತು. ಮಾಡಿಟ್ಟ ಚಿತ್ರಗಳು ಡಬ್ಬಿಯಲ್ಲಿಯೇ ಉಳಿದವು. ಹಾಕಿದ ಹಣಕ್ಕೆ ಬಡ್ಡಿ ಮಾತ್ರ ನಿಲ್ಲಲಿಲ್ಲ. ಚಿತ್ರರಂಗವೆಲ್ಲ ಕೈಕಟ್ಟಿ ಕುಳಿತಿದ್ದಾಗ ಪುನೀತರ ಸಂಸ್ಥೆ ಜುಲೈ 17ರಂದು ‘ಲಾ’ ಚಿತ್ರವನ್ನು ಅಮೆಜಾನ್ ಪ್ರೈಮ್ ಮೂಲಕ ನೇರವಾಗಿ ಮನೆಮನೆಯ ಪರದೆಗೆ ಕಳುಹಿಸಿತು. ಚಿತ್ರಮಂದಿರವನ್ನು ಕಾಣದೆ ಹೀಗೆ ಬಿಡುಗಡೆಗೊಂಡ ಮೊದಲ ಕನ್ನಡ ಚಿತ್ರ ಅದು. ವಾರದ ತರುವಾಯ ‘ಫ್ರೆಂಚ್ ಬಿರಿಯಾನಿ’ ಬಂದಿತು. ಅದರ ನಿರ್ದೇಶಕ ಪನ್ನಗಾಭರಣ, ಹಿರಿಯ ನಿರ್ದೇಶಕ ಟಿ. ಎಸ್. ನಾಗಾಭರಣರ ಮಗ. ಹೆಸರಾಂತ ತಂದೆಯ ಮಗನ ಕಷ್ಟ ಏನೆಂಬುದನ್ನು ಅಂಥದೇ ಇನ್ನೊಬ್ಬ ಮಗನಲ್ಲದೆ ಮತ್ತಾರು ಬಲ್ಲರು!

2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ಪುನೀತ್ ತೀರಿಕೊಂಡಾಗ ಅವರಿಗೆ ನಲವತ್ತಾರು ವರ್ಷ. ನಾಡು ಶೋಕದಲ್ಲಿ ಮುಳುಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಕಾಣದೆ ಹೋದದ್ದು, ಅರ್ಧಕ್ಕೆ ನಿಂತ ಒಬ್ಬ ನಿರ್ಮಾಪಕನ ಕೆಲಸ. ಅವರ ಪತ್ನಿ ಅಶ್ವಿನಿಯವರು ಅದನ್ನು ಕೈಗೆತ್ತಿಕೊಂಡರು. 2022ರಲ್ಲಿ ‘ಫ್ಯಾಮಿಲಿ ಪ್ಯಾಕ್’, ‘ಮ್ಯಾನ್ ಆಫ್ ದ ಮ್ಯಾಚ್’ ಮುಂತಾದವು ಹೊರಬಂದವು. ಅದೇ ಅಕ್ಟೋಬರ್ 28ರಂದು ‘ಗಂಧದ ಗುಡಿ’ ತೆರೆಕಂಡಿತು. 1973ರ ‘ಗಂಧದ ಗುಡಿ’ಯಲ್ಲಿ ತಂದೆ ಅರಣ್ಯಾಧಿಕಾರಿಯ ಪಾತ್ರ ವಹಿಸಿದ್ದರು. ಅಮೋಘವರ್ಷರ ನಿರ್ದೇಶನದ ಈ ಚಿತ್ರದಲ್ಲಿ ಮಗ ಯಾವ ಪಾತ್ರವನ್ನೂ ಧರಿಸದೆ, ತಾನು ತಾನಾಗಿಯೇ, ಕರ್ನಾಟಕದ ಕಾಡುಗಳಲ್ಲಿ ನಡೆದಾಡಿದ. ತಂದೆಯ ಚಿತ್ರದ ಹೆಸರು ಮತ್ತೆ ಬಂದಿತು. ಅಭಿನಯ ಮತ್ತೆ ಬರಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ತಂದೆಗೆ ಗೌರವ ಡಾಕ್ಟರೇಟ್ ನೀಡಿತ್ತು. 2022ರಲ್ಲಿ ಮಗನಿಗೆ ಮರಣಾನಂತರ ನೀಡಿತು. ಕರ್ನಾಟಕ ರತ್ನ ತಂದೆಗೆ ಸಂದದ್ದು 1992ರಲ್ಲಿ. ಮಗನಿಗೆ 2022ರ ನವೆಂಬರ್ 1ರಂದು. ಬಿರುದುಗಳ ಪಟ್ಟಿಯನ್ನು ಎದುರಿಗಿಟ್ಟರೆ ಮಗ ತಂದೆಯ ಹೆಜ್ಜೆಯಲ್ಲಿಯೇ ನಡೆದನೆಂದು ತೋರುತ್ತದೆ. ಆದರೆ ಅವನ ಸ್ವಂತ ಹೆಜ್ಜೆಯನ್ನು ಕಾಣಬೇಕಾದರೆ, ಅವನು ನಾಯಕನಾಗದೆ ಹಣ ಹಾಕಿದ ಚಿತ್ರಗಳ ಆರಂಭದಲ್ಲಿ ಬರುವ ಇತರರ ಹೆಸರುಗಳನ್ನು ಓದಬೇಕು.

ಅಪ್ಪನ ಆಲದ ಮರದಿಂದ ದೂರ ಓಡಿಹೋದವರುಂಟು, ಅದರ ನೆರಳಿನಲ್ಲಿಯೇ ಮಲಗಿ ಕಾಲ ಕಳೆದವರೂ ಉಂಟು. ಪುನೀತ್ ಇವೆರಡನ್ನೂ ಮಾಡಲಿಲ್ಲ. ಆ ಮರದ ಕೆಳಗೆ ತನಗೆ ದೊರೆತಿದ್ದ ಜಾಗದಲ್ಲಿ ಸ್ವಲ್ಪ ಸರಿದು, ದಾರಿಯಲ್ಲಿ ಬಿಸಿಲಿಗೆ ನಿಂತಿದ್ದ ನಾಲ್ಕು ಜನರನ್ನು ಒಳಗೆ ಕರೆದರು. ಅದಕ್ಕೆ ದೊರೆತ ಕಾಲ ಮಾತ್ರ ಬಹಳ ಕಡಿಮೆಯಾಯಿತು.